ಕಟಕಟೆಯಲ್ಲಿ ಜತ್ತಿಯವರು

1994ರ ಮಾರ್ಚ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರದ ವಜಾ ಕುರಿತ ಪ್ರಕರಣದ ತೀರ್ಪು ಬಂದಾಗ ನಾನು ಎಲ್‌ಎಲ್‌ಬಿ ಎರಡನೆಯ ವರ್ಷದಲ್ಲಿದ್ದೆ. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮ ನಾಡಿನವರ ಹೆಸರಿನ ತೀರ್ಪೆಂದು ಹಿಂದಿನ ಬೆಂಚಿಗೂ ಹುರುಪು. ಸಂವಿಧಾನ ಕಲಿಸುತ್ತಿದ್ದ ಸರ್ ಮಾತ್ರ ಪತ್ರಿಕೆ ಮಡಚಿಟ್ಟು, "ಹಾಗಾದರೆ ಜತ್ತಿಯವರನ್ನು ಕಟಕಟೆಗೆ ಕರೆಯೋಣ" ಎಂದರು. ಸರ್ ಜಮಖಂಡಿ ಕಡೆಯವರು; ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿ ಅವರಿಗೆ ಮನೆಯ ಹಿರಿಯರಿದ್ದಂತೆ.

ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಜತ್ತಿ ಕೊಲ್ಹಾಪುರದಲ್ಲಿ ಕಾನೂನು ಓದಿ ಜಮಖಂಡಿಯಲ್ಲಿ ವಕೀಲರಾದರು, ಆಮೇಲೆ ಅದೇ ಸಂಸ್ಥಾನದ ದಿವಾನರಾದರು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಮತ್ತೆ ಕರಿ ಕೋಟು ತೊಟ್ಟರು. ಸರ್‌ಗೆ ಈ ಭಾಗವೆಂದರೆ ಪ್ರಾಣ. "ದಿವಾನಗಿರಿ ಮಾಡಿದವರು ಮರಳಿ ವಕಾಲತ್ತು ಹಿಡಿಯುವುದೆಂದರೇನು ಗೊತ್ತೇನ್ರಪ್ಪಾ?" ಎನ್ನುತ್ತಿದ್ದರು. ಮೈಸೂರಿನ ಮುಖ್ಯಮಂತ್ರಿ ಪದವಿ, ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್ ಹುದ್ದೆ, 1972ರಲ್ಲಿ ಒರಿಸ್ಸಾದ ರಾಜಭವನ, ಇವೆಲ್ಲ ಅವರ ಬಾಯಲ್ಲಿ ಒಂದೇ ಉಸಿರು.

ತರಗತಿಯ ಅಣಕು ವಿಚಾರಣೆಯಲ್ಲಿ ಜತ್ತಿಯವರ ವಿರುದ್ಧ ವಾದಿಸುವ ಪಾಲು ನನ್ನದಾಯಿತು. 1973ರ ಮಾರ್ಚ್‌ನಲ್ಲಿ ಪಕ್ಷಾಂತರದಿಂದ ಒರಿಸ್ಸಾದ ನಂದಿನಿ ಸತ್ಪತಿ ಸರ್ಕಾರ ಬಿತ್ತು. ತಮಗೆ ಬಹುಮತವಿದೆ ಎಂದು ವಿರೋಧ ಪಕ್ಷದ ಬಿಜು ಪಟ್ನಾಯಕ್ ಮುಂದೆ ಬಂದರು. ರಾಜ್ಯಪಾಲರಾಗಿದ್ದ ಜತ್ತಿ ಅವರನ್ನು ಕರೆಯದೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಪಟ್ನಾಯಕ್ ಹೈಕೋರ್ಟಿಗೆ ಹೋದರೂ ಫಲ ಸಿಗಲಿಲ್ಲ. ವಕೀಲರಾದವರು ಎದುರು ಪಕ್ಷದ ಅಹವಾಲು ಕೇಳದೆ ತೀರ್ಮಾನಿಸಬಹುದೇ ಎಂದು ನಾನು ಮೇಜು ಗುದ್ದಿದೆ. ಎದುರಾಳಿ ಗೆಳತಿ ತಣ್ಣಗೆ ಎದ್ದಳು: "ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ. ಇಂದು ಇಲ್ಲಿ, ನಾಳೆ ಅಲ್ಲಿ ಇರುವ ಶಾಸಕರ ಸಹಿಯನ್ನು ರಾಜ್ಯಪಾಲರು ಹೇಗೆ ನಂಬಬೇಕಿತ್ತು?" ನನಗೆ ಉತ್ತರ ಹೊಳೆಯಲಿಲ್ಲ. ಜತ್ತಿಯವರು ತಪ್ಪು ಮಾಡಿದರೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಅಂದಿನಷ್ಟು ಜೋರಾಗಿ ಹೇಳಲಾರೆ.

ಸರ್ ಮಾತನ್ನು 1977ಕ್ಕೆ ತಂದರು. ಫಕ್ರುದ್ದೀನ್ ಅಲಿ ಅಹಮದ್ ನಿಧನರಾಗಿ, ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸುವ ಜನತಾ ಸರ್ಕಾರದ ಕಾಗದ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದ ಮೇಲೆ ಏಪ್ರಿಲ್ 30ರಂದು ಹಾಕಿದರು. "ಆ ಒಂಬತ್ತರಲ್ಲಿ ಒಂದು ಒರಿಸ್ಸಾ" ಎಂದು ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಯಾರು ಗೆದ್ದರೆಂದು ಹೇಳಲೇ ಇಲ್ಲ. ಆ ಸಲದ ಆಂತರಿಕ ಅಂಕಗಳಲ್ಲಿ ನನಗೂ ಗೆಳತಿಗೂ ಸರಿಸಮ ಬಂದಿತ್ತು.