ಡೀಪ್‌ಡೇಲ್‌ನಲ್ಲೊಂದು ಶನಿವಾರ: ಸಂಬಳದ ಆಟ ಶುರುಮಾಡಿದ ಊರು

ಇಂಗ್ಲೆಂಡಿನ ಲ್ಯಾಂಕಾಷೈರಿನಲ್ಲಿರುವ ಪ್ರೆಸ್ಟನ್ ಊರಿನ ರೈಲು ನಿಲ್ದಾಣದಿಂದ ಪ್ರೆಸ್ಟನ್ ನಾರ್ತ್ ಎಂಡ್ ಫುಟ್‌ಬಾಲ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನಕ್ಕೆ ಕಾಲ್ನಡಿಗೆಯಲ್ಲಿ ಸುಮಾರು ಅರ್ಧ ಗಂಟೆ. ಬಸ್ಸಿದ್ದರೂ ಪಂದ್ಯದ ದಿನ ನಡೆದು ಹೋಗುವುದೇ ಸರಿ. ಫಿಷರ್‌ಗೇಟ್, ಚರ್ಚ್ ಸ್ಟ್ರೀಟ್ ದಾಟಿ ಡೀಪ್‌ಡೇಲ್ ರಸ್ತೆಗೆ ಹೊರಳಿದರೆ ಇಟ್ಟಿಗೆಯ ಸಾಲುಮನೆಗಳು ಎದುರಾಗುತ್ತವೆ. ಹತ್ತಿ ಗಿರಣಿಗಳ ಕಾಲದಲ್ಲಿ ಬೆಳೆದ ಬೀದಿಗಳಿವು. ಇಲ್ಲಿನ ಫುಟ್‌ಬಾಲ್ ಹುಟ್ಟಿದ್ದೂ ಗಿರಣಿಯ ಗಡಿಯಾರದಿಂದಲೇ. 1850ರ ಕಾರ್ಖಾನೆ ಕಾಯ್ದೆ ಹೆಂಗಸರ ಮತ್ತು ಎಳೆಯರ ದುಡಿಮೆಯನ್ನು ಶನಿವಾರ ಎರಡು ಗಂಟೆಗೆ ನಿಲ್ಲಿಸಿತು. ಅವರು ಹೊರಟ ಮೇಲೆ ಗಿರಣಿ ನಡೆಸುವುದು ಕಷ್ಟ, ಹಾಗಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಶನಿವಾರ ಮೂರು ಗಂಟೆಗೆ ಆಟ ಆರಂಭಿಸುವ ವಾಡಿಕೆಗೆ ಬೇರು ಅಲ್ಲಿದೆ.

ಒಂದೂವರೆಗೆಲ್ಲ ತಲುಪಿಬಿಟ್ಟರೆ ಮೈದಾನವನ್ನು ಒಂದು ಸುತ್ತು ಹಾಕಲು ಸಮಯ ಸಿಗುತ್ತದೆ. ಪ್ರೆಸ್ಟನ್ ನಾರ್ತ್ ಎಂಡ್ ಇತಿಹಾಸವನ್ನು ಸ್ಟ್ಯಾಂಡ್‌ಗಳ ಹೆಸರಿನಲ್ಲೇ ಓದಬಹುದು. ಒಂದು ಬದಿಗೆ ಕ್ಲಬ್ಬಿನ ಹಳೆಯ ಆಟಗಾರ ಟಾಮ್ ಫಿನ್ನಿ, ಒಂದು ತುದಿಗೆ ಇಲ್ಲೇ ಆಡಿದ ಬಿಲ್ ಶ್ಯಾಂಕ್ಲಿ, ಊರಿನ ಕಡೆಯ ತುದಿಗೆ ಗೋಲ್‌ಕೀಪರ್ ಅಲನ್ ಕೆಲ್ಲಿ. 2008ರಲ್ಲಿ ಕಟ್ಟಿದ ನಾಲ್ಕನೆಯದಕ್ಕೆ ಇನ್ವಿನ್ಸಿಬಲ್ಸ್ ಪೆವಿಲಿಯನ್ ಎಂದು ಹೆಸರು. ಅಜೇಯರು ಎಂಬ ಈ ಬಿರುದು 1888-89ರ ತಂಡಕ್ಕೆ ಸಂದದ್ದು. ವಿಲಿಯಂ ಸಡೆಲ್ ಹೆಸರಿನ ಸ್ಟ್ಯಾಂಡ್ ಮಾತ್ರ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಥೆ ನಿಂತಿರುವುದು ಅವನ ಮೇಲೆ.

ಸಡೆಲ್ ಹತ್ತಿ ಗಿರಣಿಯ ಮ್ಯಾನೇಜರ್, ಕ್ಲಬ್ ನಡೆಸುತ್ತಿದ್ದವನೂ ಅವನೇ. ಕ್ಲಬ್ ಆಗ ಕ್ರಿಕೆಟ್ ಆಡುತ್ತಿತ್ತು. 1875ರಲ್ಲಿ ಡೀಪ್‌ಡೇಲ್ ಜಾಗವನ್ನು ಗುತ್ತಿಗೆಗೆ ಹಿಡಿದು, ಚಳಿಗಾಲಕ್ಕೆಂದು ರಗ್ಬಿಯನ್ನೂ ಆಡಿ ನೋಡಿ, 1880ರಲ್ಲಿ ಫುಟ್‌ಬಾಲಿಗೆ ಪೂರ್ತಿ ಒಗ್ಗಿಕೊಂಡಿತು. ಮರುವರ್ಷವೇ ನೆರೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಕೈಯಲ್ಲಿ 16-0 ಸೋಲು. ಊರ ಹುಡುಗರನ್ನೇ ನೆಚ್ಚಿ ಕೂತರೆ ಆಗದು ಎಂದು ಸಡೆಲ್ ಅರಿತ. ಒಬ್ಬನೇ ಚೆಂಡನ್ನು ಓಡಿಸಿಕೊಂಡು ನುಗ್ಗುವುದು ಇಂಗ್ಲಿಷರ ಪದ್ಧತಿ, ಚೆಂಡನ್ನು ಜೊತೆಗಾರನಿಗೆ ದಾಟಿಸುತ್ತ ಮುಂದೆ ಸಾಗುವುದು ಸ್ಕಾಟ್ಲೆಂಡಿನವರದು. ಅವನು ಸ್ಕಾಟ್ಲೆಂಡಿನಿಂದ ನಿಕ್ ರಾಸ್, ಜಿಮ್ಮಿ ರಾಸ್ ಸಹೋದರರನ್ನು ಕರೆತಂದ. ಜಾರ್ಜ್ ಡ್ರಮಂಡ್, ಡೇವಿಡ್ ರಸೆಲ್, ಜಾನ್ ಗ್ರಹಾಂ ಕೂಡ ಬಂದರು.

ಆಡುವುದಕ್ಕೆ ದುಡ್ಡು ಕೊಡುವುದು ಆಗ ನಿಯಮಬಾಹಿರ. ಆದರೆ ಲ್ಯಾಂಕಾಷೈರಿನ ಕ್ಲಬ್‌ಗಳು ದಾರಿ ಹುಡುಕಿಕೊಂಡಿದ್ದವು. ಆಟಗಾರನಿಗೆ ಗಿರಣಿಯಲ್ಲೋ ಅಂಗಡಿಯಲ್ಲೋ ಹೆಸರಿಗೊಂದು ಕೆಲಸ, ಅದರ ಮೇಲೆ ಲೆಕ್ಕದ ಪುಸ್ತಕಕ್ಕೆ ಏರದ ಒಂದಿಷ್ಟು ಕಾಸು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು. 1884ರ ಜನವರಿಯಲ್ಲಿ ಎಫ್.ಎ. ಕಪ್, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ನಾಕೌಟ್ ಪಂದ್ಯಾವಳಿಯಲ್ಲಿ, ಪ್ರೆಸ್ಟನ್ ಜೊತೆಗಿನ ಪಂದ್ಯ 1-1ರಲ್ಲಿ ಮುಗಿದಾಗ ಲಂಡನ್ನಿನ ಹವ್ಯಾಸಿ ಕ್ಲಬ್ ಅಪ್ಟನ್ ಪಾರ್ಕ್, ಪ್ರೆಸ್ಟನ್ ಆಟಗಾರರಿಗೆ ದುಡ್ಡು ಕೊಡುತ್ತಿದೆ ಎಂದು ದೂರು ಕೊಟ್ಟಿತು. ಸಡೆಲ್ ಅಲ್ಲಗಳೆಯಲಿಲ್ಲ. ನಾವು ಕೊಡುತ್ತೇವೆ, ಉಳಿದವರೂ ಕೊಡುತ್ತಾರೆ ಎಂದ. ಪ್ರೆಸ್ಟನ್ ಕಪ್‌ನಿಂದ ಹೊರಬಿತ್ತು. ಆದರೆ ಮುಚ್ಚಿಟ್ಟಿದ್ದು ಹೊರಬಿದ್ದ ಮೇಲೆ ಹಳೆಯ ನಿಯಮ ಉಳಿಯಲಾರದಾಯಿತು. ಉತ್ತರದ ಕ್ಲಬ್‌ಗಳು ಸಿಡಿದು ಬೇರೆ ಸಂಘ ಕಟ್ಟುತ್ತೇವೆ ಎಂದವು. 1885ರ ಜುಲೈ 20ರಂದು ಫುಟ್‌ಬಾಲ್ ಅಸೋಸಿಯೇಷನ್ ಸಂಬಳದ ಆಟವನ್ನು ಒಪ್ಪಿಕೊಂಡಿತು. ಷರತ್ತು ಕಠಿಣವಾಗಿಯೇ ಇತ್ತು. ಕಪ್ ಪಂದ್ಯದಲ್ಲಿ ಆಡುವ ವೃತ್ತಿಪರ ಆಟಗಾರ ಒಂದೋ ಕ್ಲಬ್ಬಿನ ಮೈದಾನದಿಂದ 6 ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲವೇ 2 ವರ್ಷ ಅಷ್ಟರೊಳಗೆ ವಾಸವಾಗಿರಬೇಕು.

ಕಪ್‌ನಿಂದ ಹೊರಬಿದ್ದ ಆ ದಿನವನ್ನೇ ಪ್ರೆಸ್ಟನ್ನಿನ ಅತಿ ದೊಡ್ಡ ದಿನವೆಂದು ನಾನು ಎಣಿಸುತ್ತೇನೆ. ಟ್ರೋಫಿ ಗೆದ್ದ ಕ್ಲಬ್‌ಗಳು ಬೇಕಾದಷ್ಟಿವೆ. ಆಡುವವನು ದುಡಿಯುವವನೇ, ಅವನಿಗೆ ಕೂಲಿ ಸಲ್ಲಬೇಕು ಎಂಬುದನ್ನು ಎದೆಕೊಟ್ಟು ಒಪ್ಪಿಸಿದವರು ಕೆಲವರೇ.

ಫಲ ಬೇಗ ಬಂತು. 1887ರ ಅಕ್ಟೋಬರಿನಲ್ಲಿ ಹೈಡ್ ವಿರುದ್ಧ 26-0 ಗೆಲುವು, ಎಫ್.ಎ. ಕಪ್‌ನಲ್ಲಿ ಆ ದಾಖಲೆ ಇವತ್ತಿಗೂ ಮುರಿದಿಲ್ಲ. 1888ರ ಫೈನಲ್‌ನಲ್ಲಿ ಮಾತ್ರ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ 2-1ರಿಂದ ಮಣಿಸಿತು. ಅದೇ ಸೆಪ್ಟೆಂಬರ್ 8ರಂದು 12 ಕ್ಲಬ್‌ಗಳ ಫುಟ್‌ಬಾಲ್ ಲೀಗ್ ಆರಂಭವಾಯಿತು. ಸಂಬಳ ನಿಯಮಿತವಾದ ಮೇಲೆ ಗೇಟಿನ ವರಮಾನವೂ ನಿಯಮಿತವಾಗಬೇಕಲ್ಲ, ಲೀಗ್ ಹುಟ್ಟಿದ್ದು ಆ ಅಗತ್ಯಕ್ಕೆ. ಗೆದ್ದರೆ 2 ಅಂಕ, ಡ್ರಾ ಆದರೆ 1 ಎಂಬುದನ್ನು ಸೀಸನ್ ನಡುವೆ, ನವೆಂಬರಿನಲ್ಲಷ್ಟೇ ತೀರ್ಮಾನಿಸಿದರು. ಪ್ರೆಸ್ಟನ್ 22 ಪಂದ್ಯಗಳಲ್ಲಿ 18 ಗೆದ್ದು, 4 ಡ್ರಾ ಮಾಡಿಕೊಂಡು, 74 ಗೋಲು ಹೊಡೆದು 15 ಬಿಟ್ಟುಕೊಟ್ಟು 40 ಅಂಕ ಗಳಿಸಿತು. ಎರಡನೆಯ ಆಸ್ಟನ್ ವಿಲ್ಲಾಗೆ 29. ಕಪ್‌ನಲ್ಲಿ 5 ಪಂದ್ಯ, ಒಂದೂ ಗೋಲು ಬಿಟ್ಟುಕೊಡಲಿಲ್ಲ. 1889ರ ಮಾರ್ಚ್ 30ರಂದು ಕೆನ್ನಿಂಗ್ಟನ್ ಓವಲ್‌ನಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಮೇಲೆ 3-0. ಒಂದೇ ಸೀಸನ್‌ನಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದ ಮೊದಲ ತಂಡ ಅದು.

ಮರುವರ್ಷ ಮತ್ತೆ ಲೀಗ್ ಬಂತು, ಆಮೇಲೆ ಸತತ ಮೂರು ವರ್ಷ ಎರಡನೇ ಸ್ಥಾನ. ಅಲ್ಲಿಂದಾಚೆಗೆ ಪ್ರೆಸ್ಟನ್ ಲೀಗ್ ಗೆದ್ದಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಂಬಳ ಕಾನೂನುಬದ್ಧವಾದ ಮೇಲೆ ಹೆಚ್ಚು ಜನ ಸೇರುವ ದೊಡ್ಡ ನಗರವೇ ಹೆಚ್ಚು ಕೊಡಬಲ್ಲದು. ಪ್ರೆಸ್ಟನ್ ತೆರೆದ ಬಾಗಿಲಿನಲ್ಲಿ ಅವರು ಒಳಬಂದರು. ಜೋಡಿ ಗೆಲುವಿನ ಮುಖ್ಯ ಗೋಲುಗಾರ ಜಾನ್ ಗುಡಾಲ್ 1889ರಲ್ಲೇ ಡರ್ಬಿ ಕೌಂಟಿಗೆ ಹೊರಟುಹೋದ. ಸಡೆಲ್ ಗಿರಣಿಯ ಹಣ ದುರುಪಯೋಗಪಡಿಸಿಕೊಂಡ ಆರೋಪದಲ್ಲಿ 1895ರಲ್ಲಿ ಮೂರು ವರ್ಷದ ಸೆರೆಗೆ ಹೋದ. ಬಿಡುಗಡೆಯಾದ ಮೇಲೆ ದಕ್ಷಿಣ ಆಫ್ರಿಕಾ ಸೇರಿ ಅಲ್ಲೇ ತೀರಿಕೊಂಡ. ಅಪರಾಧ ಅಪರಾಧವೇ, ಆದರೂ ಅವನ ಹೆಸರು ಈ ಮೈದಾನದಲ್ಲಿ ಇನ್ನೂ ದೊಡ್ಡದಾಗಿ ಕಾಣಬೇಕಿತ್ತು ಎಂದೇ ನನಗನ್ನಿಸುತ್ತದೆ.

ಹೊರಗೆ ಫಿನ್ನಿಯ ಪ್ರತಿಮೆ ಇದೆ, ನೀರು ಚಿಮ್ಮಿಸಿಕೊಂಡು ಜಾರುತ್ತಿರುವ ಭಂಗಿಯಲ್ಲಿ. 1956ರಲ್ಲಿ ಚೆಲ್ಸಿ ವಿರುದ್ಧದ ಪಂದ್ಯಕ್ಕೆ ಮುನ್ನ ಸ್ಟ್ಯಾಂಫರ್ಡ್ ಬ್ರಿಜ್ ಮಳೆಗೆ ಕೆರೆಯಂತಾಗಿತ್ತು. ಆ ದಿನದ ಛಾಯಾಚಿತ್ರವೇ ಇದಕ್ಕೆ ಮೂಲ. ಡೀಪ್‌ಡೇಲ್ ಪಕ್ಕದ ಬೀದಿಯಲ್ಲಿ ಹುಟ್ಟಿದ, ಪ್ಲಂಬರ್ ಕೆಲಸ ಕಲಿತ ಫಿನ್ನಿ ಇಂಗ್ಲೆಂಡಿಗೆ 76 ಪಂದ್ಯ ಆಡಿ 30 ಗೋಲು ಹೊಡೆದರು. ನಿವೃತ್ತಿಯಾಗುವವರೆಗೂ ಬೇರೆ ಕ್ಲಬ್ಬಿಗೆ ಹೋಗಲೇ ಇಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ 10,000 ಪೌಂಡ್ ಮುಂದಿಟ್ಟಿತು, ಪ್ರೆಸ್ಟನ್ ಬಿಟ್ಟುಕೊಡಲಿಲ್ಲ. ಆಗಿನ ನಿಯಮದಲ್ಲಿ ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಸಂಬಳಕ್ಕೂ ಮಿತಿ: 1901ರಲ್ಲಿ ವಾರಕ್ಕೆ 4 ಪೌಂಡ್, ಕೊನೆಗೆ 20. ಆಟಗಾರನಿಗೆ ಅನ್ಯಾಯವಾಗಿದ್ದ ಆ ಮಿತಿಯೇ ಪ್ರೆಸ್ಟನ್ನಿನಂಥ ಊರುಗಳನ್ನು ಕಾಪಾಡಿತ್ತು.

1953ರಲ್ಲಿ ಲೀಗ್ ಕೈಗೆ ಬಂದು ತಪ್ಪಿತು. ಆರ್ಸೆನಲ್‌ಗೂ ಪ್ರೆಸ್ಟನ್‌ಗೂ 54 ಅಂಕ. ಆಗ ಲೆಕ್ಕಕ್ಕೆ ಬರುತ್ತಿದ್ದುದು ಗೋಲು ಸರಾಸರಿ, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟವುಗಳಿಂದ ಭಾಗಿಸುವುದು. ಆರ್ಸೆನಲ್ 97 ಭಾಗಿಸು 64, ಬಂದದ್ದು 1.516. ಪ್ರೆಸ್ಟನ್ 85 ಭಾಗಿಸು 60, ಬಂದದ್ದು 1.417. ಈಗಿನಂತೆ ಗೋಲುಗಳ ವ್ಯತ್ಯಾಸ ಹಿಡಿದರೂ ಆರ್ಸೆನಲ್‌ಗೆ 33, ಪ್ರೆಸ್ಟನ್‌ಗೆ 25. ಪದ್ಧತಿಯಿಂದ ಮೋಸವಾಯಿತು ಎನ್ನುವುದು ಸರಿಯಲ್ಲ. 85 ಗೋಲು ಹೊಡೆದ ತಂಡ ಇನ್ನೊಂದೇ ಅಂಕ ಹೆಚ್ಚು ಗಳಿಸಿದ್ದರೆ ಸಾಕಿತ್ತು.

ಫಿನ್ನಿ 1960ರಲ್ಲಿ ನಿವೃತ್ತರಾದರು. 1961ರ ಜನವರಿಯಲ್ಲಿ ಸಂಬಳದ ಮಿತಿ ರದ್ದಾಯಿತು. ಅದೇ ಸೀಸನ್ ಮುಗಿಯುವಷ್ಟರಲ್ಲಿ ಪ್ರೆಸ್ಟನ್ ಕೊನೆಯ ಸ್ಥಾನಕ್ಕಿಳಿದು ಆಗಿನ ಅತಿ ಮೇಲಿನ ಸ್ತರವಾದ ಮೊದಲ ಡಿವಿಷನ್‌ನಿಂದ ಜಾರಿತು, ಮತ್ತೆ ಆ ಸ್ತರಕ್ಕೇರಿಲ್ಲ. 1986ರಲ್ಲಿ ನಾಲ್ಕನೇ ಡಿವಿಷನ್ನಿನ ತಳದಿಂದ ಎರಡನೆಯದಾಗಿ ನಿಂತಿತು. ಆಗ ಹಾಕಿದ ಪ್ಲಾಸ್ಟಿಕ್ ಹುಲ್ಲುಹಾಸು 1994ರವರೆಗೆ ಇತ್ತು. ಅದರ ಮೇಲೆ ಚೆಂಡು ವಿಪರೀತ ಪುಟಿಯುತ್ತಿತ್ತು, ಜಾರಿದವನ ಚರ್ಮ ಕಿತ್ತುಬರುತ್ತಿತ್ತು. ಮೇಲಿನ ಸ್ತರಕ್ಕೇರಲು ಸೀಸನ್ ಕೊನೆಗೆ ಆಡುವ ಪ್ಲೇ-ಆಫ್‌ಗಳಲ್ಲಿ ಒಂಬತ್ತು ಸಲ ಸೋತು, ಹತ್ತನೆಯ ಪ್ರಯತ್ನದಲ್ಲಿ, 2015ರಲ್ಲಿ, ಸ್ವಿಂಡನ್ ಮೇಲೆ 4-0 ಗೆದ್ದು ಎರಡನೇ ಸ್ತರಕ್ಕೆ ಬಂತು. ಆ ದಿನ ಜರ್ಮೇನ್ ಬೆಕ್‌ಫರ್ಡ್ ಮೂರು ಗೋಲು ಹೊಡೆದರು.

ಈಗಿನ ಅತಿ ಮೇಲಿನ ಸ್ತರವಾದ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಕ್ಲಬ್‌ಗಳಿಗೆ ಗರಿಷ್ಠ ಮೂರು ವರ್ಷ ಆ ಲೀಗಿನ ಪ್ರಸಾರ ಹಣದಲ್ಲಿ ಪಾಲು ಸಲ್ಲುತ್ತದೆ. ಅಲ್ಲಿ ಒಮ್ಮೆಯೂ ಆಡದ ಪ್ರೆಸ್ಟನ್ನಿಗೆ ಆ ಪಾಲಿಲ್ಲ. ಹಾಗಾಗಿ ಮೂರು ಗಂಟೆಗೆ ಸೀಟಿ ಊದಿದಾಗ ಎದುರಾಳಿಯ ಹನ್ನೊಂದು ಜನರ ಸಂಬಳ ಅನೇಕ ಸಲ ಪ್ರೆಸ್ಟನ್ನಿನವರದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಅಂಥ ತಂಡವನ್ನು ಡೀಪ್‌ಡೇಲ್‌ನಲ್ಲಿ ಸೋಲಿಸಿದ ಶನಿವಾರಗಳೂ ಬಹಳ ಇವೆ.