ಕಾಗದದಲ್ಲಿ ನಾನು ವ್ಯಾಪಾರಿ

ಶೆಡ್ಡಿನ ಬೀಗ ತೆಗೆಯುವ ಮೊದಲೇ ಮೊಬೈಲಿಗೆ ಸರ್ಕಾರಿ ಖರೀದಿಯ ಜಾಲತಾಣ ಜೆಮ್ ಪೋರ್ಟಲಿನ ಸಂದೇಶ ಬಂದಿತ್ತು: ತಾಂತ್ರಿಕ ಪರಿಶೀಲನೆಯಲ್ಲಿ ಅನರ್ಹ. ಕೇಂದ್ರ ಸರ್ಕಾರದ ಸಂಸ್ಥೆಯೊಂದರ ಹಾಸ್ಟೆಲಿಗೆ 200 ಕಬ್ಬಿಣದ ಮಂಚ ಒದಗಿಸುವ ಬಿಡ್ ಅದು. ಉದ್ಯಮ್ ಪ್ರಮಾಣಪತ್ರದಲ್ಲಿ, ಅಂದರೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ ಪತ್ರದಲ್ಲಿ, ಮುಖ್ಯ ಚಟುವಟಿಕೆ ‘ವ್ಯಾಪಾರ’ ಎಂದಿದೆ, ಆದ್ದರಿಂದ ಇಎಂಡಿ (ಬಿಡ್ ಜೊತೆ ಕಟ್ಟುವ ಠೇವಣಿ) ವಿನಾಯಿತಿ ಸಲ್ಲದು ಎಂದು ಕಾರಣ ಕೊಟ್ಟಿದ್ದರು.

ಪೀಣ್ಯದಲ್ಲಿ ಹದಿನಾಲ್ಕು ವರ್ಷದಿಂದ ಪೈಪು ಕತ್ತರಿಸಿ, ವೆಲ್ಡಿಂಗ್ ಮಾಡಿ ಬದುಕುತ್ತಿರುವವನು ನಾನು. ನನ್ನ ಅಂಗಿಯ ತೋಳುಗಳ ತುಂಬ ಕಿಡಿ ಸುಟ್ಟ ತೂತುಗಳು. ನಾನು ವ್ಯಾಪಾರಿಯಾದದ್ದು 2021ರಲ್ಲಿ. ಸಗಟು, ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆದ ವರ್ಷ ಅದು. ಮಂಚದ ಜೊತೆಗೆ ಹಾಸಿಗೆಯನ್ನೂ ತರಿಸಿ ಮಾರುತ್ತಿದ್ದೆ. ಲೆಕ್ಕ ಬರೆಯುವ ಹುಡುಗ ಅದನ್ನೇ ಮುಖ್ಯವೆಂದು ಒತ್ತಿದ, ನಾನು ಓದದೆ ಓಟಿಪಿ ಹೇಳಿದೆ. ವ್ಯಾಪಾರಿಗಳಿಗೆ ಆ ನೋಂದಣಿಯಿಂದ ಸಿಗುವುದು ಬ್ಯಾಂಕಿನ ಆದ್ಯತಾ ಸಾಲ ಮಾತ್ರ. ಸಣ್ಣ ಉದ್ಯಮಗಳಿಂದ ಸರ್ಕಾರ ಕೊಳ್ಳುವ ಬಗೆಗಿನ 2012ರ ಖರೀದಿ ನೀತಿಯ ಸವಲತ್ತುಗಳು, ಅಂದರೆ ಇಎಂಡಿ ವಿನಾಯಿತಿ, ನಮ್ಮ ದರ ಎಲ್-1ಗಿಂತ, ಅಂದರೆ ಎಲ್ಲರಿಗಿಂತ ಕಡಿಮೆ ದರಕ್ಕಿಂತ, ಶೇ 15ರೊಳಗೆ ಹೆಚ್ಚಿದ್ದರೆ ಆ ದರಕ್ಕೆ ಇಳಿದು ಪಾಲು ಪಡೆಯುವ ಅವಕಾಶ, ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಮೀಸಲು.

ಕಟ್ಟಬೇಕಿದ್ದ ಇಎಂಡಿ 32,000 ರೂಪಾಯಿ. ಅದನ್ನು ಉಳಿಸಲು ಹೋಗಿ ಹದಿನಾರು ಲಕ್ಷದ ಕೆಲಸ ಕೈಬಿಟ್ಟಿತು. ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆಕ್ಷೇಪಣೆಗೆ 48 ಗಂಟೆ. ವಿದ್ಯುತ್ ಬಿಲ್ಲು, ಉಕ್ಕು ಕೊಂಡ ರಸೀದಿ, ಯಂತ್ರಗಳ ಫೋಟೊ ಎಲ್ಲ ಏರಿಸಿದೆ. ಉದ್ಯಮ್ ಪತ್ರವನ್ನೂ ತಿದ್ದಿಸಿದೆ. ಅದಕ್ಕೆ ಹಿಡಿದದ್ದು ಹತ್ತೇ ನಿಮಿಷ. ಖರೀದಿ ಅಧಿಕಾರಿಗೆ ಫೋನು ಮಾಡಿದಾಗ ಅವರು ಸಿಡುಕಲಿಲ್ಲ. “ನೀವು ಮಂಚ ಮಾಡುತ್ತೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ ಸಾರ್. ಆದರೆ ಬಿಡ್ ಮುಚ್ಚಿದ ದಿನ ಇದ್ದ ಪತ್ರವನ್ನಷ್ಟೇ ನಾನು ನೋಡಬಹುದು” ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅಷ್ಟೇ ಹೇಳುತ್ತಿದ್ದೆ.

ಹೊಟ್ಟೆ ಉರಿದದ್ದು ಗೆದ್ದವರನ್ನು ಕಂಡು. ನಮ್ಮಿಂದ ಎರಡು ರಸ್ತೆ ಆಚೆಗಿನ ಅವರ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿಯೇ ಹೊರತು ಒಂದು ಡ್ರಿಲ್ಲಿಂಗ್ ಯಂತ್ರವೂ ಇಲ್ಲ. ಉದ್ಯಮ್ ನೋಂದಣಿ ಸ್ವಯಂಘೋಷಣೆ, ಯಾವ ದಾಖಲೆಯನ್ನೂ ಲಗತ್ತಿಸಬೇಕಿಲ್ಲ. ಅವರ ಲೆಕ್ಕದ ಹುಡುಗ ‘ತಯಾರಿಕೆ’ ಒತ್ತಿದ್ದ. ದೂರು ಬರೆದೆ, ಕಳಿಸಲಿಲ್ಲ. ತಿಂಗಳ ಕೊನೆ ಹತ್ತಿರವಾಗಿತ್ತು, ಆರು ಜನರ ಸಂಬಳ ಬಾಕಿಯಿತ್ತು.

ಮೂರನೆಯ ವಾರ ಅವರೇ ಫೋನು ಮಾಡಿದರು. “ಯಜಮಾನರೇ, 200 ಮಂಚ ಮಾಡಿಕೊಡುತ್ತೀರಾ? ಅಳತೆ ಕಳಿಸುತ್ತೇನೆ.”

ಬೇಡ, ನನ್ನ ಬಳಿಯೇ ಇದೆ ಎಂದೆ.