ಅಮ್ಮನ ಗ್ಲಾಕೋಮಾ ಮತ್ತು ವಿಟಮಿನ್ ಡಬ್ಬಿ

ಅಮ್ಮನಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಅಂತ ಗೊತ್ತಾದ ಮೇಲೆ ಬಂದವರೆಲ್ಲ ಒಂದೊಂದು ವಿಟಮಿನ್ ಹೆಸರು ಹೇಳುತ್ತಿದ್ದರು. ಸೋದರಮಾವ ಅಂತೂ ‘ಕಣ್ಣಿಗೆ’ ಅಂತ ಬರೆದಿದ್ದ ಮಾತ್ರೆ ಡಬ್ಬಿಯನ್ನೇ ತಂದುಕೊಟ್ಟರು. ಅಕ್ಕನ ಮೇಲಿನ ಪ್ರೀತಿ ಅದು. ಮುಂದಿನ ತಪಾಸಣೆಗೆ ಹೋಗುವಾಗ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ.

ಅವತ್ತು ಫೀಲ್ಡ್ ಟೆಸ್ಟ್, ಅಂದರೆ ಸುತ್ತಲಿನ ದೃಷ್ಟಿ ಎಷ್ಟಿದೆ ಅಂತ ನೋಡುವ ಪರೀಕ್ಷೆ, ಇತ್ತು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಅಮ್ಮ ಬೆವರುತ್ತಲೇ ಹೊರಗೆ ಬಂದಳು. “ತುಂಬಾ ಬಿಟ್ಟುಬಿಟ್ಟೆ ಕಣೋ,” ಅಂದಳು. ಕೆಲವು ಚುಕ್ಕಿಗಳು ಎಷ್ಟು ಮಂಕಾಗಿರುತ್ತವೆ ಅಂದರೆ ಒಳ್ಳೆ ಕಣ್ಣಿನವರಿಗೂ ಕಾಣುವುದಿಲ್ಲ. ಇದನ್ನು ಟೆಸ್ಟಿಗೆ ಮೊದಲೇ ಎಲ್ಲರಿಗೂ ಹೇಳಬೇಕು ಅಂತ ನನಗನಿಸುತ್ತದೆ.

ಡಾಕ್ಟರ್ ಡಬ್ಬಿ ತಿರುಗಿಸಿ ಓದಿದರು. ಲ್ಯೂಟಿನ್, ಜಿಂಕ್, ವಿಟಮಿನ್ ಸಿ, ಇ. ಇಂಥ ಮಿಶ್ರಣ ವಯಸ್ಸಾದವರ ಮ್ಯಾಕುಲಾ (ಕಣ್ಣಿನ ಒಳಪರದೆಯಾದ ರೆಟಿನಾದ ನಡುಭಾಗ) ಸವೆತಕ್ಕೆ ಪರೀಕ್ಷೆಯಾದದ್ದು, ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ ಅಂದರು. ಡಬ್ಬಿ ತಂದವರು ಅಮ್ಮನ ತಮ್ಮ ಅಂತ ಗೊತ್ತಾದ ಕೂಡಲೇ, “ಅವರೂ ಕಣ್ಣು ತೋರಿಸಿಕೊಳ್ಳಲಿ. ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಜಾಸ್ತಿ,” ಅಂದರು.

“ಹಾಗಾದ್ರೆ ಯಾವ ವಿಟಮಿನ್ನೂ ಆಗಲ್ವಾ ಡಾಕ್ಟ್ರೇ?” ಅಮ್ಮನ ದನಿಯಲ್ಲಿದ್ದ ಆಸೆ ಕೇಳಿ ನನಗೆ ಸಂಕಟವಾಯಿತು.

ಡಾಕ್ಟರ್ ಆ ಆಸೆಯನ್ನು ತಳ್ಳಿಹಾಕಲಿಲ್ಲ. ಬಿ3 ವಿಟಮಿನ್ನಿನ ಒಂದು ರೂಪ ನಿಕೋಟಿನಮೈಡ್. ನರದ ಜೀವಕೋಶಗಳಿಗೆ ಶಕ್ತಿ ಒದಗಿಸಲು ಬೇಕಾದ ಎನ್‌ಎಡಿ ಎಂಬ ಅಣು ಅದರಿಂದ ತಯಾರಾಗುತ್ತದೆ. ವಯಸ್ಸಾದಂತೆ ಎನ್‌ಎಡಿ ಕಡಿಮೆಯಾಗುತ್ತದೆ. 2017ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಈ ವಿಟಮಿನ್ ನರವನ್ನು ಕಾಪಾಡಿತು. 2020ರಲ್ಲಿ ಆಸ್ಟ್ರೇಲಿಯಾದಿಂದ 57 ರೋಗಿಗಳ ವರದಿ ಬಂತು. ಗ್ಲಾಕೋಮಾದ ಡ್ರಾಪ್ಸ್ ಜೊತೆಗೇ ಇದನ್ನೂ ತಗೊಂಡಾಗ ಕೆಲವರ ರೆಟಿನಾದ ಸ್ಪಂದನೆ ಸುಧಾರಿಸಿತ್ತು. ಆದರೆ ಅದು ಕೆಲವೇ ವಾರಗಳ ಪ್ರಯೋಗ. ವರ್ಷಗಟ್ಟಲೆ ದೃಷ್ಟಿ ಉಳಿಯುತ್ತದೆ ಅಂತ ಅದರಿಂದ ಹೇಳಲಾಗದು.

ಪ್ರಮಾಣ ಕೇಳಿ ನಾನು ಬೆಚ್ಚಿದೆ. ದಿನಕ್ಕೆ ದೇಹಕ್ಕೆ ಬೇಕಾದ ಬಿ3 ಸುಮಾರು 15 ಮಿಲಿಗ್ರಾಂ. ಅಲ್ಲಿ ಕೊಟ್ಟದ್ದು 3 ಗ್ರಾಂ ತನಕ! ಅಷ್ಟಾದರೆ ವಾಕರಿಕೆ ಬರಬಹುದು, ಲಿವರ್‌ಗೂ ತೊಂದರೆಯಾಗಬಹುದು. ಸುಮ್ನೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ. ನಯಾಸಿನ್ ಕೂಡ ಬಿ3 ತಾನೇ ಅಂತ ಅದನ್ನು ತಗೊಳ್ಳುವಂತೆಯೂ ಇಲ್ಲ. ಹೆಚ್ಚು ಪ್ರಮಾಣದಲ್ಲಿ ಅದು ಮೈ ಕೆಂಪೇರಿಸುತ್ತದೆ, ಅಪರೂಪಕ್ಕೆ ಮ್ಯಾಕುಲಾದಲ್ಲಿ ಊತವನ್ನೂ ತರುತ್ತದೆ.

“ದೊಡ್ಡ ಪರೀಕ್ಷೆಗಳ ಫಲಿತಾಂಶ ಬಂದ್ರೆ ನಂಗೂ ಹೇಳಿ,” ಅಂದಳು ಅಮ್ಮ.

“ಖಂಡಿತ. ಈಗ ನೀವು ಡ್ರಾಪ್ಸ್ ಹೇಗೆ ಹಾಕ್ಕೋತೀರಿ, ತೋರಿಸಿ.”

ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಬೇಕಂತೆ. ಆಗ ಔಷಧಿ ಮೂಗಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಇನ್ನೊಂದು ಡ್ರಾಪ್ಸ್ ಇದ್ದರೆ 5 ನಿಮಿಷ ಬಿಟ್ಟು ಹಾಕಬೇಕು. ಅಲ್ಲೇ ಕೂತು ಅಮ್ಮನ ಫೋನಿನಲ್ಲಿ ಎರಡು ಅಲಾರಂ ಇಟ್ಟೆ.